ಮುಂಡಿಗೆ ಲೆಕ್ಕದಲ್ಲಿ ಮನೆ ಮಾರೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ನಾನು ಹೊಸನಗರ ತಾಲೂಕಿನವಳು. ಮದ್ವೆ ಆಗಿ ಇಂಗ್ಲೆಂಡಿನ ಡರ್ಬಿಗೆ ಬಂದು ಏಳು ವರ್ಷ ಆಯ್ತು, ನಿಮ್ಮ ಪೇಪರನ್ನ ದಿನಾ ಬೆಳಿಗ್ಗೆ ಬಸ್ಸಲ್ಲಿ ಕೂತು ಮೊಬೈಲಲ್ಲೇ ಓದ್ತೀನಿ, ಮೊದಲು ಅಡಿಕೆ ರೇಟು, ಆಮೇಲೆ ಮಳೆ, ಆಮೇಲೆ ಉಳಿದಿದ್ದು. ಇಲ್ಲಿ ಅಡಿಕೆ ರೇಟು ಕಟ್ಕೊಂಡು ನನಗೇನಾಗಬೇಕು ಅಂತ ನಮ್ಮವರು ನಗ್ತಾರೆ, ಆದ್ರೆ ಊರಲ್ಲಿ ಎಲೆಚುಕ್ಕಿ ರೋಗ ಬಂದಾಗಿಂದ ಮನೆಗೆ ಫೋನ್ ಮಾಡೋ ಮುಂಚೆ ರೇಟು ನೋಡ್ಕೊಂಡ್ರೆ ಚಿಕ್ಕಪ್ಪ ಯಾವ ಮೂಡಲ್ಲಿರ್ತಾರೆ ಅಂತ ಗೊತ್ತಾಗುತ್ತೆ. ಸಂಪಾದಕರಿಗೆ ಪತ್ರ ಬರೀತಿರೋದು ಇದೇ ಮೊದಲು, ಉದ್ದ ಆದ್ರೆ ಕತ್ತರಿ ಹಾಕ್ಕೊಳ್ಳಿ.

ಹೋದ ತಿಂಗಳು ಚಿಕ್ಕಪ್ಪ ಫೋನ್ ಮಾಡಿ, ಮನೆ ನೋಡೋಕೆ ಪಾರ್ಟಿ ಬಂದಿತ್ತು ಅಂದ್ರು. ಮನೆ ನೋಡೋಕೆ ಅಂದ್ರೆ ವಾಸಕ್ಕಲ್ಲ. ನಮ್ಮದು ಹಳೇ ತೊಟ್ಟಿ ಮನೆ, ಹಲಸಿನ ಮರದ ಮುಂಡಿಗೆ, ಅಂದ್ರೆ ಕಂಬ, ಕೆತ್ತನೆ ಇರೋ ಹೆಬ್ಬಾಗಿಲು, ಸುತ್ತ ಜಗಲಿ, ಮೇಲೆ ಮೆತ್ತು. ಪಾರ್ಟಿಯೋರು ಟೇಪ್ ಹಿಡಿದು ಮುಂಡಿಗೆ ಸುತ್ತಳತೆ ತಗೊಂಡು, ತೊಲೆ ಎಣಿಸಿ, ಬಾಗಿಲಿಗೆ ಬೇರೆ ರೇಟು, ಮುಂಡಿಗೆಗೆ ಬೇರೆ ರೇಟು, ಹೆಂಚು ಪುಕ್ಕಟೆ ಅಂತ ಚೀಟೀಲಿ ಬರ್ಕೊಟ್ಟು ಹೋಗಿದ್ದಾರೆ. ಎಲ್ಲೋ ರೆಸಾರ್ಟ್ ಕಟ್ತಾರಂತೆ, ಅಲ್ಲಿ ರಿಸೆಪ್ಶನಿಗೆ ನಮ್ಮ ಜಗಲಿ ಹೋಗುತ್ತಂತೆ. ಅಪ್ಪಯ್ಯ ತೀರಿಕೊಂಡ ಮೇಲೆ ಆ ಮನೇಲಿ ನಂಗೂ ಅಮ್ಮಂಗೂ ಪಾಲಿದೆ, ಅದಕ್ಕೆ ಸೈನು ಬೇಕು ಅಂದ್ರು. ನಾನು ಆಫೀಸಲ್ಲಿದ್ದೆ, ಎಲ್ಲಿ ಬೇಕೋ ಹೇಳಿ ಚಿಕ್ಕಪ್ಪ, ಹಾಕಿ ಕಳಿಸ್ತೀನಿ ಅಂದುಬಿಟ್ಟೆ. ಎರಡು ನಿಮಿಷದ ಮಾತು. ಫೋನ್ ಇಟ್ಟು ಮತ್ತೆ ಎಕ್ಸೆಲ್ ಶೀಟಿಗೆ ಹೋದೆ, ಸುಳ್ಳು ಯಾಕೆ ಹೇಳ್ಲಿ.

ಆವಾಗ ಅಮ್ಮ ನಮ್ಮ ಜೊತೆನೇ ಇದ್ರು, ಆರು ತಿಂಗಳ ವೀಸಾದಲ್ಲಿ ಬಂದಿದ್ರು. ಅವರಿಗೆ ಇಲ್ಲಿ ಬೇಜಾರು, ಮಾತಾಡೋಕೆ ಜನ ಇಲ್ಲ, ಬಿಸಿಲಿಲ್ಲ, ಹಪ್ಪಳ ಒಣಗಲ್ಲ. ಒಂದು ಭಾನುವಾರ ಎಲ್ಲಾದ್ರೂ ಕರ್ಕೊಂಡು ಹೋಗೋಣ ಅಂತ ಡರ್ಬಿಯಿಂದ ಹತ್ತಿರಾನೇ ಇರೋ ಕೆಡಲ್‌ಸ್ಟನ್ ಹಾಲ್ ಅನ್ನೋ ಹಳೇ ದೊಡ್ಡಮನೆಗೆ ಹೋದ್ವಿ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೂ ನಾನು ಹೋಗಿರ್ಲಿಲ್ಲ. ಹೆಸರು ಕೇಳಿದೋರು ಕಡಿಮೆ ಇರಬಹುದು, ಆದ್ರೆ ಆ ಮನೆಯ ಯಜಮಾನನ ಹೆಸರು ಎಲ್ಲರೂ ಹೈಸ್ಕೂಲ್ ಇತಿಹಾಸದ ಪುಸ್ತಕದಲ್ಲಿ ಓದಿದ್ದೀವಿ. ಲಾರ್ಡ್ ಕರ್ಜನ್, 1899ರಿಂದ 1905ರ ತನಕ ವೈಸ್‌ರಾಯ್ ಆಗಿದ್ದೋನು, ಬಂಗಾಳ ಒಡೆದೋನು. ಹುಟ್ಟಿದ್ದು 1859ರಲ್ಲಿ ಇದೇ ಮನೇಲಿ. 1902ರಲ್ಲಿ ಮೈಸೂರಿಗೆ ಬಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿಕೊಟ್ಟೋನೂ ಅವನೇ.

ಮನೆ ಅಂದ್ರೆ ಎಂಥಾ ಮನೆ ಅಂತೀರಿ. ಗೇಟಿಂದ ಒಳಗೆ ಹುಲ್ಲುಗಾವಲು, ಕುರಿ, ಕೆರೆ, ಕೆರೆಗೊಂದು ಕಲ್ಲಿನ ಸೇತುವೆ, ಇಷ್ಟೆಲ್ಲಾ ದಾಟಿದ ಮೇಲೆ ಮನೆ ಮುಖ ಕಾಣುತ್ತೆ. 1759ರಲ್ಲಿ ಶುರು ಮಾಡಿ 1765ರ ಹೊತ್ತಿಗೆ ಎಬ್ಬಿಸಿದ್ದು, ಒಬ್ಬ ಆದ ಮೇಲೊಬ್ಬ ಮೂರು ಜನ ಆರ್ಕಿಟೆಕ್ಟು, ಕೊನೆಗೆ ಹೆಸರು ಬಂದಿದ್ದು ರಾಬರ್ಟ್ ಆಡಮ್‌ಗೆ. ಅದೇ ಹೊತ್ತಲ್ಲಿ ನಮ್ಮ ಕಡೆ ಏನಾಗ್ತಿತ್ತು ಅಂದ್ರೆ 1763ರಲ್ಲಿ ಹೈದರ್ ಅಲಿ ಬಿದನೂರಿಗೆ ನುಗ್ಗಿ ಕೆಳದಿ ಅರಸರ ರಾಜಧಾನೀನ ಲೂಟಿ ಮಾಡಿ ಹೈದರನಗರ ಅಂತ ಹೆಸರಿಟ್ಟ. ಈಗಿನ ನಮ್ಮ ನಗರ. ನಮ್ಮನೆಯಿಂದ ಬಸ್ಸಲ್ಲಿ ಹೋಗಿ ಬರೋ ಊರು, ಚಿಕ್ಕೋರಿದ್ದಾಗ ಕೋಟೆ ಹತ್ತಿ ಅಕ್ಕತಂಗಿ ಕೊಳ ನೋಡಿ ಅಲ್ಲೇ ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಬರ್ತಿದ್ವಿ. ಇಲ್ಲಿ ಒಂದು ಮನೆ ಏಳ್ತಾ ಇದ್ದಾಗ ಅಲ್ಲಿ ಒಂದು ಅರಮನೆ ಬೀಳ್ತಾ ಇತ್ತು ಅಂತ ಟಿಕೆಟ್ ಕ್ಯೂನಲ್ಲಿ ನಿಂತು ಲೆಕ್ಕ ಹಾಕಿದೆ.

ಒಳಗೆ ಹೋದ ಕೂಡ್ಲೇ ಮಾರ್ಬಲ್ ಹಾಲ್. ತಿಳಿಗುಲಾಬಿ ಬಣ್ಣದ ಅಲಬಾಸ್ಟರ್ ಕಲ್ಲಿನ 20 ಕಂಬ, ಒಂದೊಂದೂ 25 ಅಡಿ. ಗೋಡೇಲಿ ಕಿಟಕಿನೇ ಇಲ್ಲ, ಬೆಳಕೆಲ್ಲಾ ಮೇಲಿಂದ, ಸೂರಲ್ಲಿರೋ ಗಾಜಿಂದ ಬೀಳುತ್ತೆ. ನಾನು ಬಾಯಿಬಿಟ್ಕೊಂಡು ನೋಡ್ತಿದ್ರೆ ಅಮ್ಮ ಪಕ್ಕದಲ್ಲಿ ನಿಂತು, ಇದು ನಮ್ಮ ತೊಟ್ಟಿನೇ ಅಲ್ವೇನೇ, ಮೇಲೆ ಮುಚ್ಚಿಬಿಟ್ಟಿದ್ದಾರೆ ಅಷ್ಟೆ, ಅಂದ್ರು. ನಕ್ಕುಬಿಟ್ಟೆ. ಆಮೇಲೆ ಅಲ್ಲಿದ್ದ ಗೈಡು ಹೇಳಿದ್ದು ಕೇಳಿ ಸುಮ್ಮನಾದೆ. ಹಳೇ ರೋಮನ್ನರ ಮನೆ ನಡುವೆ ಆಕಾಶಕ್ಕೆ ತೆರೆದ ಅಂಗಳ ಇರ್ತಿತ್ತಲ್ಲ, ಮಳೆನೀರು ಒಳಗೇ ಬೀಳೋ ಥರದ್ದು, ಆ ಅಂಗಳದ ನೆನಪಿಗೆ ಅಂತಾನೇ ಈ ಹಾಲನ್ನ ಹಾಗೆ ಮಾಡಿರೋದಂತೆ. ಅಂದ್ರೆ ಅಮ್ಮ ಹೇಳಿದ್ದೇ ಸರಿ. ನಮ್ಮನೇಲಿ ಆಷಾಢದಲ್ಲಿ ತೊಟ್ಟಿಗೆ ನಾಲ್ಕು ಕಡೆಯಿಂದ್ಲೂ ಸೂರಿನ ನೀರು ಧೋ ಅಂತ ಬೀಳ್ತಿದ್ರೆ ಜಗಲೀಲಿ ಕೂತು ಹಲಸಿನ ಬೀಜ ಸುಟ್ಕೊಂಡು ತಿಂತಿದ್ದದ್ದು, ಕರೆಂಟ್ ಹೋಗಿರೋದು, ಅಜ್ಜಯ್ಯ ಆ ಸದ್ದಲ್ಲೂ ಗೊರಕೆ ಹೊಡೀತಿದ್ದದ್ದು ಎಲ್ಲಾ ಆ ಕಂಬಗಳ ಮಧ್ಯೆ ನೆನಪಾಗಿ, ನಾನು ಸೈನ್ ಹಾಕ್ತೀನಿ ಅಂದಿದ್ದು ಯಾವುದಕ್ಕೆ ಅಂತ ಆವಾಗ ಹೊಟ್ಟೇಲಿ ಚುಳ್ ಅಂತು.

ಅಲ್ಲಿ ಪ್ರತಿ ರೂಮಲ್ಲೂ ಒಬ್ಬೊಬ್ಬರು ವಯಸ್ಸಾದೋರು ಕೂತಿರ್ತಾರೆ, ರಿಟೈರ್ ಆದ ಮೇಷ್ಟ್ರು, ನರ್ಸು, ಇಂಜಿನಿಯರು ಹಿಂಗೆ, ಸಂಬಳ ಇಲ್ಲ, ಊರಿನ ಮನೆ ಅಂತ ಪ್ರೀತಿಗೆ ಬರೋರು. ಇಂಥಾ ಸ್ವಯಂಸೇವಕರು ದೇಶಾದ್ಯಂತ ಹತ್ತಾರು ಸಾವಿರ ಜನ ಇದ್ದಾರೆ. ಬಂದೋರೆಲ್ಲಾ ಅವರನ್ನ ಪೇಂಟಿಂಗ್ ಯಾರದ್ದು, ಮಂಚದ ಬೆಲೆ ಎಷ್ಟು ಅಂತ ಕೇಳ್ತಿದ್ರೆ ನಮ್ಮಮ್ಮ ಕೇಳಿದ್ದು ಒಂದೇ ಪ್ರಶ್ನೆ, ಇಷ್ಟು ದೊಡ್ಡ ಮನೆ ಕಸ ಯಾರು ಗುಡಿಸ್ತಾರೆ ಕೇಳು ಅವರ್ನ. ನಾನು ಮುಜುಗರ ಪಟ್ಕೊಂಡು ಇಂಗ್ಲಿಷಲ್ಲಿ ಕೇಳಿದ್ರೆ ಆ ಅಜ್ಜನ ಮುಖ ಅರಳಿಬಿಡ್ತು. ಅರ್ಧ ಗಂಟೆ ಹೇಳಿದ್ರು. ಧೂಳು ಬಟ್ಟೇಲಿ ಒರೆಸಲ್ಲ, ಮೆತ್ತಗಿನ ಕೂದಲಿನ ಬ್ರಷ್ಷಲ್ಲಿ ಮೆಲ್ಲಗೆ ಉದುರಿಸಿ ವ್ಯಾಕ್ಯೂಮಿಗೆ ಹಿಡಿಯೋದಂತೆ. ಬಿಸಿಲಿಗೆ ಬಟ್ಟೆ ಬಣ್ಣ ಹೋಗುತ್ತೆ ಅಂತ ಕಿಟಕಿ ಪರದೆ ಇಳಿಸೇ ಇರ್ತಾರೆ, ಒಂದು ವರ್ಷಕ್ಕೆ ಒಂದು ವಸ್ತುವಿಗೆ ಇಷ್ಟೇ ಬೆಳಕು ಅಂತ ಲೆಕ್ಕ ಇದೆ. ಹಳೇ ಕುರ್ಚಿ ಮೇಲೆ ಕೂರಬೇಡಿ ಅಂತ ಬೋರ್ಡು ಹಾಕೋ ಬದಲು ಪೈನ್ ಮರದ ಕಾಯಿ ಇಟ್ಟಿರ್ತಾರೆ, ಯಾರೂ ಕೂರಲ್ಲ, ಮುಖಕ್ಕೆ ಹೊಡೆದ ಹಾಗೂ ಆಗಲ್ಲ. ಚಳಿಗಾಲ ಬಂತು ಅಂದ್ರೆ ಸಾಮಾನಿಗೆಲ್ಲಾ ಬಟ್ಟೆ ಹೊದಿಸಿ ಬಾಗಿಲು ಹಾಕ್ತಾರೆ, ಇಂಥಾ ಮನೆಗಳಲ್ಲಿ ಅದಕ್ಕೆ ಮನೇನ ಮಲಗಿಸೋದು ಅಂತಾನೇ ಅಂತಾರಂತೆ.

ಅಮ್ಮಂಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ನಾವೂ ಮಾಡ್ತಿದ್ವಲ್ಲ ಅಂದ್ರು. ಹೌದು ಮತ್ತೆ, ಮೇ ತಿಂಗಳಲ್ಲಿ ಹೆಂಚು ಕೈಯಾಡಿಸೋದು, ಒಡೆದಿದ್ದು ತೆಗೆದು ಬೇರೆ ಹಾಕೋದು, ಮಣ್ಣಿನ ಗೋಡೆಗೆ ಇರಚಲು ಹೊಡೀದ ಹಾಗೆ ಸೋಗೆ ತಟ್ಟಿ ಕಟ್ಟೋದು, ಒರಲೆ ಹತ್ತದ ಹಾಗೆ ಮುಂಡಿಗೆ ಬುಡಕ್ಕೆ ಗೇರೆಣ್ಣೆ ಬಳಿಯೋದು. ಇನ್ನೊಂದು ಮುಖ್ಯದ್ದು ಹೊಗೆ. ಅಡುಗೆಮನೆ ಒಲೆ, ಬಚ್ಚಲ ಹಂಡೆ ಒಲೆ ಎರಡೂ ಉರೀತಿರೋ ತನಕ ಆ ಹೊಗೆ ಅಟ್ಟಕ್ಕೆ ಹತ್ತಿ ತೊಲೆ ಎಲ್ಲಾ ಕಪ್ಪಾಗಿ ಗಟ್ಟಿ ಇರ್ತಿತ್ತು, ಹುಳ ಹತ್ತಿರ ಬರ್ತಿರ್ಲಿಲ್ಲ. ಗ್ಯಾಸು, ಗೀಸರ್ ಬಂತು, ಮಕ್ಕಳು ಬೆಂಗಳೂರಿಗೆ ಹೋದ್ರು, ಒಲೆ ಆರಿತು. ನಮ್ಮ ಕಡೆ ಮಳೆಗೆ ಬೀಗ ಹಾಕಿದ ಮನೆ ಎರಡು ಮಳೆಗಾಲ ತಡೆದ್ರೆ ದೊಡ್ಡದು, ಇದು ಮಲೆನಾಡಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ.

ಹೊರಗೆ ಬಂದ್ರೆ ಮನೆ ಪಕ್ಕದಲ್ಲೇ ಅಂಟಿಕೊಂಡ ಹಾಗೆ ಒಂದು ಹಳೇ ಚರ್ಚು. ಸುತ್ತ ಊರೇ ಇಲ್ಲ, ಚರ್ಚು ಮಾತ್ರ ಯಾಕೆ ಅಂದ್ರೆ ಊರಿತ್ತಂತೆ. ಹೊಸ ಮನೆ ಕಟ್ಟೋವಾಗ ಯಜಮಾನಂಗೆ ಪಾರ್ಕ್ ಬೇಕಿತ್ತು, ನೋಟಕ್ಕೆ ಹಳ್ಳಿ ಅಡ್ಡ ಬರ್ತಿತ್ತು, ಹಂಗಾಗಿ ಇಡೀ ಕೆಡಲ್‌ಸ್ಟನ್ ಹಳ್ಳೀನ ಎಬ್ಬಿಸಿ ಬೇರೆ ಕಡೆ ಹಾಕಿದ್ರು, ರಸ್ತೇನೂ ತಿರುಗಿಸಿದ್ರು, ದೇವರ ಮನೆ ಮಾತ್ರ ಮುಟ್ಟಲಿಲ್ಲ. ಇದನ್ನ ಕನ್ನಡದಲ್ಲಿ ಹೇಳಿದಾಗ ಅಮ್ಮ ತುಂಬಾ ಹೊತ್ತು ಮಾತಾಡ್ಲಿಲ್ಲ. ಅವರ ತವರು ಶರಾವತಿ ಮುಳುಗಡೆ. 1964ರಲ್ಲಿ ಲಿಂಗನಮಕ್ಕಿ ನೀರು ನಿಂತಾಗ ಅವರಿಗೆ ಹತ್ತು ವರ್ಷ, ಲಾರೀಲಿ ದನ ಪಾತ್ರೆ ಎಲ್ಲಾ ಒಟ್ಟಿಗೆ ಹೇರ್ಕೊಂಡು ಬಂದಿದ್ದು ಅಂತ ಹೇಳ್ತಾರೆ. ಬೇಸಿಗೇಲಿ ನೀರು ಇಳಿದಾಗ ಮಡೆನೂರಿನ ಹಳೇ ಹಿರೇಭಾಸ್ಕರ ಡ್ಯಾಮ್ ಎದ್ದು ಕಾಣುತ್ತಲ್ಲ, ಜನ ಅಲ್ಲಿಗೆ ಹೋಗಿ ಫೋಟೋ ತೆಗೀತಾರೆ, ಅಮ್ಮ ಒಂದ್ಸಲನೂ ಹೋಗಿಲ್ಲ. ಇಲ್ಲಿ ಚರ್ಚಾದ್ರೂ ಬಿಟ್ಟಿದ್ದಾರಲ್ಲ ಅಂದ್ರು ಕೊನೆಗೆ. ಮುಳುಗಡೆ ಸಂತ್ರಸ್ತರ ಹಕ್ಕುಪತ್ರದ ಕತೆ ಎತ್ತಿದ್ರೆ ಅದಕ್ಕೇ ಬೇರೆ ಪತ್ರ ಬೇಕು, ಇಲ್ಲಿ ಬೇಡ.

ಕೆಳಗಡೆ ಮಹಡೀಲಿ ಕರ್ಜನ್ ನಮ್ಮ ಕಡೆಯಿಂದ ತಂದ ಸಾಮಾನಿನ ಮ್ಯೂಸಿಯಂ ಇದೆ, ದಂತ, ಬೆಳ್ಳಿ, ಕತ್ತಿ, ಬಟ್ಟೆ. ಅದರಲ್ಲಿ ಕರ್ಜನ್ ಹೆಂಡತಿ 1903ರ ದೆಹಲಿ ದರ್ಬಾರಿನ ಪಾರ್ಟಿಗೆ ಹಾಕಿದ್ದ ನವಿಲುಗರಿ ಗೌನು. ಕಸೂತಿ ನಮ್ಮ ದೇಶದ ಜರ್ದೋಜಿ ಕೆಲಸಗಾರರದ್ದು, ಹೊಲಿಗೆ ಪ್ಯಾರಿಸ್ಸಿಂದು. ಗರಿಯ ಕಣ್ಣಿನ ಜಾಗದಲ್ಲೆಲ್ಲಾ ಹಸಿರು ಹೊಳಪು, ಏನು ಅಂತ ನೋಡಿದ್ರೆ ಜೀರ್ಜಿಂಬೆ ರೆಕ್ಕೆ. ಚಿಕ್ಕೋರಿದ್ದಾಗ ಬೆಂಕಿಪೊಟ್ಟಣದಲ್ಲಿ ಸೊಪ್ಪು ಹಾಕಿ ಸಾಕ್ತಿದ್ವಲ್ಲ, ಅಂಥದ್ದೇ. ಅದನ್ನ ಕಂಡ ಖುಷಿಗೆ ನಾನು ಕೂಗಿದ್ದು ಕೇಳಿ ಎಲ್ಲಾ ತಿರುಗಿ ನೋಡಿದ್ರು. ತಮಾಷೆ ಏನು ಅಂದ್ರೆ ಕಲ್ಕತ್ತಾದ ರಾಜಭವನ ಇದೆಯಲ್ಲ, ಈಗ ಲೋಕಭವನ ಅಂತಾರೆ, ಆವಾಗಿನ ಗವರ್ನಮೆಂಟ್ ಹೌಸು, ಅದು ಇದೇ ಕೆಡಲ್‌ಸ್ಟನ್ ಮಾದರೀಲಿ ಕಟ್ಟಿದ್ದು. ಕಟ್ಟಿಸಿದೋನು ವೆಲ್ಲೆಸ್ಲಿ, ಶುರು ಮಾಡಿದ್ದು 1799, ಟಿಪ್ಪು ಸತ್ತ ವರ್ಷಾನೇ. ಅಂದ್ರೆ ನೂರು ವರ್ಷ ಆದ ಮೇಲೆ ಕರ್ಜನ್ ಸಾಹೇಬ ಕಲ್ಕತ್ತಾಕ್ಕೆ ಬಂದು ಇಳಿದಿದ್ದು ತನ್ನ ಮನೆಯ ಕಾಪಿ ಒಳಗೇ!

ಇಂಥಾ ಮನೆಗಳ ಹಿಂದಿನ ದುಡ್ಡು ಎಲ್ಲಿಂದ ಬಂತು ಅಂತ ಇಲ್ಲಿಯೋರೂ ಈಗ ಹೇಳೋಕೆ ಶುರು ಮಾಡಿದ್ದಾರೆ. ಕೆಡಲ್‌ಸ್ಟನ್ ಥರದ ಹಳೇ ಜಾಗಗಳನ್ನ ನೋಡ್ಕೊಳ್ಳೋ ನ್ಯಾಷನಲ್ ಟ್ರಸ್ಟ್ ಅನ್ನೋ ಸಂಸ್ಥೆ 2020ರಲ್ಲಿ ಒಂದು ವರದಿ ಹಾಕಿ, ನಮ್ಮ ಕೈಲಿರೋ 93 ಜಾಗಗಳಿಗೆ ವಸಾಹತಿನ ಜೊತೆ, ಗುಲಾಮರ ವ್ಯಾಪಾರದ ಜೊತೆ ನಂಟಿದೆ ಅಂತ ಒಪ್ಕೊಂಡ್ತು. ದೊಡ್ಡ ಗಲಾಟೆ ಆಯ್ತು, ಟೀ ಕುಡಿಯೋಕೆ ಬಂದೋರಿಗೆ ಪಾಠ ಯಾಕೆ ಅಂತ ಬೈದ್ರು. ನನಗನ್ಸೋದು, ಹೇಳಿದ್ದೇ ಸರಿ. ಇದನ್ನ ನಮ್ಮ ಮಲೆನಾಡಿಗೂ ಅನ್ವಯಿಸ್ಕೋಬೇಕು. ನಮ್ಮ ಕಡೆ ದೊಡ್ಡಮನೆಗಳೆಲ್ಲಾ ಯಜಮಾನರು ಬೆವರು ಸುರಿಸಿ ಕಟ್ಟಿದ್ದಾ? ಗೇಣಿ ಭತ್ತದಲ್ಲಿ ಕಟ್ಟಿದ್ದು. ನಮ್ಮ ಅಟ್ಟದಲ್ಲಿ ಈಗಲೂ ಭತ್ತ ಅಳೆಯೋ ಹಳೇ ಕೊಳಗ ಒಂದಿದೆ. ಆ ಕೊಳಗದ ಅಳತೆ ವಿಷಯಕ್ಕೇ ಅಲ್ವಾ 1951ರಲ್ಲಿ ಕಾಗೋಡಲ್ಲಿ ಗೇಣಿದಾರರು ಎದ್ದು ನಿಂತಿದ್ದು, ಲೋಹಿಯಾ ಬಂದು ಅರೆಸ್ಟ್ ಆಗಿದ್ದು. ಆಮೇಲೆ ದೇವರಾಜ ಅರಸರ ಕಾಲಕ್ಕೆ 1974ರಲ್ಲಿ ಉಳುವವನೇ ಹೊಲದೊಡೆಯ ಆಯ್ತು, ನಮ್ಮಜ್ಜಯ್ಯ ಆ ಸಿಟ್ಟಲ್ಲಿ ಎಷ್ಟೋ ವರ್ಷ ಅರಸರ ಹೆಸರೆತ್ತಿದ್ರೆ ಊಟ ಬಿಟ್ಟು ಏಳ್ತಿದ್ರು ಅಂತ ಅಮ್ಮ ಹೇಳ್ತಾರೆ. ಮನೆ ಉಳಿಸಿ ಅಂತ ನಾನು ಹೇಳೋದು ಆ ದರ್ಬಾರು ಉಳೀಲಿ ಅಂತಲ್ಲ. ಕೊಳಗವೂ ಜಗಲಿ ಮೇಲೇ ಇರ್ಲಿ, ಅದರ ಕತೆ ಹೇಳೋಕೆ ಗೇಣಿ ಮಾಡಿದ ಮನೆಯೋರೇ ಬಂದು ಕೂರ್ಲಿ. ಮುಂಡಿಗೆ ರೆಸಾರ್ಟಿಗೆ ಹೋದ್ರೆ ಎರಡು ಕಡೆಯ ಕತೆನೂ ಹೋಗುತ್ತೆ, ಅಲ್ಲಿ ಉಳಿಯೋದು ಸೆಲ್ಫಿ ಪಾಯಿಂಟು.

ಈಗ ಪತ್ರ ಬರೆಯೋಕೆ ನಿಜವಾದ ಕಾರಣಕ್ಕೆ ಬರ್ತೀನಿ. ಮನೆಗೆ ಬಂದು ಕರ್ಜನ್ ಬಗ್ಗೆ ಓದ್ತಾ ಇದ್ದಾಗ ಟ್ಯಾಟರ್‌ಷಲ್ ಕ್ಯಾಸಲ್ ಅಂತ ಒಂದು ಸಿಕ್ತು. ಲಿಂಕನ್‌ಶೈರಲ್ಲಿ ಇಟ್ಟಿಗೆಯ ಹಳೇ ಕೋಟೆ ಮನೆ, 15ನೇ ಶತಮಾನದ್ದು. 1911ರ ಸುಮಾರಿಗೆ ಅದರ ಕೈಬದಲಾಗಿ, ಒಳಗಿದ್ದ ಕೆತ್ತನೆಯ ಕಲ್ಲಿನ ಫೈರ್‌ಪ್ಲೇಸುಗಳನ್ನ ಕಿತ್ತು ಪ್ಯಾಕ್ ಮಾಡಿ ಅಮೆರಿಕಕ್ಕೆ ಕಳಿಸೋಕೆ ರೆಡಿ ಮಾಡಿದ್ರಂತೆ, ಅಲ್ಲಿನ ದುಡ್ಡಿರೋರ ಮನೆಗೆ. ನಮ್ಮನೆಗೆ ಬಂದ ಪಾರ್ಟಿ ಥರಾನೇ! ಕರ್ಜನ್ ಕೋಟೆ ಕೊಂಡ್ಕೊಂಡು, ಆ ಫೈರ್‌ಪ್ಲೇಸು ಎಲ್ಲಿವೆ ಅಂತ ಹುಡುಕಿಸಿ, ಬಿಡಿಸ್ಕೊಂಡು, 1912ರಲ್ಲಿ ಮೆರವಣಿಗೇಲಿ ವಾಪಸ್ ತಂದು ಇದ್ದ ಜಾಗಕ್ಕೇ ಕೂರಿಸಿದ. 1925ರಲ್ಲಿ ಸಾಯೋವಾಗ ಕೋಟೇನ ನ್ಯಾಷನಲ್ ಟ್ರಸ್ಟಿಗೆ ಬರೆದಿಟ್ಟ. ಆ ಫೈರ್‌ಪ್ಲೇಸಿನ ಗಲಾಟೆಯಿಂದಾನೇ 1913ರಲ್ಲಿ ಹಳೇ ಕಟ್ಟಡಗಳಿಗೆ ಇನ್ನಷ್ಟು ಬಿಗಿ ಕಾನೂನು ಬಂತು. ನಮ್ಮ ದೇಶದಲ್ಲಿ 1904ರ ಪ್ರಾಚೀನ ಸ್ಮಾರಕಗಳ ಕಾನೂನು ಮಾಡಿದ್ದೂ ಇದೇ ಮನುಷ್ಯ. ಬಂಗಾಳ ಒಡೆದೋನ್ನ ನಾನು ಹೊಗಳ್ತಿದ್ದೀನಿ ಅಂತ ಅನ್ಕೋಬೇಡಿ, ಆದ್ರೆ ಈ ಒಂದು ವಿಷಯದಲ್ಲಿ ಅವನಿಗೆ ಹೊಳೆದಿದ್ದು ನಂಗೆ ಆ ಎರಡು ನಿಮಿಷದ ಫೋನಲ್ಲಿ ಹೊಳೀಲಿಲ್ಲ.

ಅಲ್ಲಿ ದುಡ್ಡಿದೆ, ನಮಗೆಲ್ಲಿದೆ ಅಂತ ಚಿಕ್ಕಪ್ಪ ಹೇಳಿದ್ರು. ಇಲ್ಲಿನ ದೊಡ್ಡಮನೆಯೋರೂ ದುಡ್ಡಿಲ್ಲದೇನೇ ಈ ಟ್ರಸ್ಟಿನ ದಾರಿಗೆ ಬಂದಿದ್ದು. 1894ರಲ್ಲಿ ಸತ್ತೋರ ಆಸ್ತಿ ಮೇಲೆ ಭಾರೀ ತೆರಿಗೆ ಹಾಕೋಕೆ ಶುರು ಮಾಡಿದ್ರು, ಬೇಸಾಯದಲ್ಲಿ ಆದಾಯ ಇಳೀತು, ಮೊದಲ ಮಹಾಯುದ್ಧ ಆದ ಮೇಲೆ ಕೆಲಸಕ್ಕೆ ಜನ ಸಿಗಲಿಲ್ಲ, ದೊಡ್ಡಮನೆಗಳನ್ನ ನೂರಾರು ಲೆಕ್ಕದಲ್ಲಿ ಕೆಡವಿದ್ರು, ಕಂಬ ಬಾಗಿಲು ಹರಾಜು. ಓದ್ತಾ ಹೋದ್ರೆ ಹೊಸನಗರದ ಕತೆನೇ ಅನ್ಸುತ್ತೆ. ಆಮೇಲೆ 1937ರಲ್ಲಿ ಒಂದು ದಾರಿ ಮಾಡಿದ್ರು. ಮನೇನ ಟ್ರಸ್ಟಿಗೆ ಕೊಡಿ, ನೀವು ಅಲ್ಲೇ ಒಂದು ಭಾಗದಲ್ಲಿ ವಾಸ ಇರಿ, ಉಳಿದ ಭಾಗಕ್ಕೆ ಜನರನ್ನ ಬಿಡಿ. ಕೆಡಲ್‌ಸ್ಟನ್ 1987ರಲ್ಲಿ ಹಾಗೇ ಟ್ರಸ್ಟಿಗೆ ಹೋಯ್ತು, ಕರ್ಜನ್ ಮನೆತನದೋರು ಈಗಲೂ ಒಂದು ಪಕ್ಕದಲ್ಲಿ ಇದ್ದಾರೆ. ಆ ಕಡೆಯ ಒಂದು ಬಾಗಿಲ ಮೇಲೆ ಖಾಸಗಿ ಅಂತ ಬೋರ್ಡಿತ್ತು, ಒಳಗಿಂದ ನಾಯಿ ಬೊಗಳ್ತಿತ್ತು. ಇಷ್ಟೆಲ್ಲಾ ಚಿನ್ನದ ಬಣ್ಣದ ಸೂರು ನೋಡಿದ್ರೂ ಅಮ್ಮಂಗೆ ಸಮಾಧಾನ ಆಗಿದ್ದು ಆ ನಾಯಿ ದನಿಗೆ, ಮನೇಲಿ ಜನ ಇದ್ದಾರೆ ಹಾಗಾದ್ರೆ ಅಂದ್ರು.

ನಮ್ಮ ಜಿಲ್ಲೇಲಿ ಉದಾಹರಣೆ ಇಲ್ಲ ಅಂತಲ್ಲ. ಕುಪ್ಪಳಿಯ ಕವಿಮನೆ ಮೂರಂತಸ್ತಿನ ತೊಟ್ಟಿ ಮನೆನೇ, ಪ್ರತಿಷ್ಠಾನದೋರು ಚೆನ್ನಾಗಿ ನೋಡ್ಕೊಂಡಿದ್ದಾರೆ, ಜನ ಟಿಕೆಟ್ ತಗೊಂಡು ಬಸ್ಸು ಬಸ್ಸು ಬರ್ತಾರೆ. ಶಿವಮೊಗ್ಗದಲ್ಲಿ ತುಂಗೆ ದಡದಲ್ಲಿ ಶಿವಪ್ಪ ನಾಯಕನ ಅರಮನೆ ಅಂತ ಕರೆಯೋ ಮರದ ಕಂಬದ ಕಟ್ಟಡ ಮ್ಯೂಸಿಯಂ ಆಗಿದೆ. ಆದ್ರೆ ಕುವೆಂಪು ಹುಟ್ಟದ ಮನೆಗಳು, ರಾಜ ಇರದ ಮನೆಗಳು ಏನಾಗಬೇಕು? ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಲ್ಲಿ ಹಳೇ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಸಿದ್ದಾರೆ, ಅದು ಸಾಮಿಲ್ಲಿಗೆ ಹೋಗೋದಕ್ಕಿಂತ ಸಾವಿರ ಪಾಲು ವಾಸಿ, ಅಷ್ಟು ಶ್ರದ್ಧೆ ಬೇರೆಯೋರಿಗೆ ಬರಲ್ಲ. ಆದ್ರೂ ಮನೆ ಇದ್ದ ಜಾಗದಲ್ಲೇ, ಅದೇ ತೋಟದ ನೆರಳಲ್ಲಿ, ಅದೇ ಮಳೇಲಿ ನಿಂತ್ರೆ ಅದರ ರುಚಿನೇ ಬೇರೆ.

ನಾನು ಕೇಳೋದು ದೊಡ್ಡದೇನಲ್ಲ. ಮನೆಯೋರು ಹಿಂದಿನ ಅಂಕಣದಲ್ಲಿ ಇದ್ಕೊಂಡು, ಒಲೆ ಉರಿಸ್ಕೊಂಡು, ಮಳೆಗಾಲ ಮುಗಿದ ಮೇಲೆ ವಾರಕ್ಕೆ ಎರಡು ದಿನ ಹೆಬ್ಬಾಗಿಲು ತೆಗೆದು ಜನರನ್ನ ಬಿಡೋ ಹಾಗೆ ಏನಾದ್ರೂ ವ್ಯವಸ್ಥೆ ಆಗಬೇಕು. ಹೋಂಸ್ಟೇ ಅಂದ್ರೆ ಎಲ್ಲರೂ ಅಟ್ಯಾಚ್ಡ್ ಬಾತ್‌ರೂಮ್ ಕೇಳ್ತಾರೆ, ಅದಕ್ಕೆ ಗೋಡೆ ಒಡೀಬೇಕು, ಟೈಲ್ಸ್ ಹಾಕಬೇಕು, ಮನೆ ಅಲ್ಲೇ ಅರ್ಧ ಹೋಗುತ್ತೆ. ಅದಲ್ಲ ನಾನು ಹೇಳ್ತಿರೋದು. ಒಂದು ತೊಲೆ ಬದಲಿಸೋಕೆ ಸ್ವಂತ ಜಾಗದ ಮರ ಕಡಿಬೇಕಂದ್ರೂ ಪರ್ಮಿಷನ್ನಿಗೆ ಓಡಾಟ, ಹಳೇ ಮನೆ ರಿಪೇರಿಗೆ ಅಂದ್ರೆ ಅದು ಬೇಗ ಆಗೋ ಹಾಗೆ ಮಾಡಿಕೊಟ್ರೆ ಸಾಕು. ಹೆಂಚು ಕೈಯಾಡಿಸೋರು ಈಗ ಊರಿಗೊಬ್ಬರೂ ಇಲ್ಲ, ಇರೋರ ಹತ್ರ ಐಟಿಐ ಹುಡುಗರು ಎರಡು ಬೇಸಿಗೆ ಕಲಿತ್ರೆ ಅವರಿಗೂ ಕೆಲಸ. ಜಗಲೀಲಿ ಕೂತು ಕತೆ ಹೇಳೋಕೆ ರಿಟೈರ್ ಆದ ಮೇಷ್ಟ್ರುಗಳಿಗೆ ನಮ್ಮ ಕಡೆ ಬರಗಾಲ ಇಲ್ಲ, ನಿಲ್ಸೋದೇ ಕಷ್ಟ.

ತೀರ್ಥಹಳ್ಳಿ, ಸಾಗರ, ಕೊಪ್ಪ, ಶೃಂಗೇರಿ ಕಡೆ ಯಾರಾದ್ರೂ ಹಿಸ್ಸೆ ಆದ ಮೇಲೂ ಅಣ್ಣತಮ್ಮಂದಿರು ಅಕ್ಕತಂಗಿಯರು ಸೇರ್ಕೊಂಡು ಟ್ರಸ್ಟ್ ಥರ ಮಾಡಿ ಮನೆ ಉಳಿಸ್ಕೊಂಡಿದ್ರೆ ದಯವಿಟ್ಟು ಇದೇ ಅಂಕಣಕ್ಕೆ ಬರೀರಿ, ಕಾಗದಪತ್ರ ಹೇಗೆ ಮಾಡಿಸಿದ್ರಿ, ಖರ್ಚು ಯಾರು ಹಾಕ್ತಾರೆ, ಜಗಳ ಆದ್ರೆ ಏನು ಮಾಡ್ತೀರಿ, ಎಲ್ಲಾ. ನಂಗೆ ಅದು ನಿಜವಾಗ್ಲೂ ಬೇಕು. ಸೈನ್ ಇನ್ನೂ ಹಾಕಿಲ್ಲ. ಚಿಕ್ಕಪ್ಪಂಗೆ ಫೋನ್ ಮಾಡಿ ದೀಪಾವಳಿ ತನಕ ತಡೀರಿ, ನಾನು ಬರ್ತೀನಿ, ಈ ವರ್ಷ ಹೆಂಚಿನ ಖರ್ಚು ನಂದು ಅಂದೆ. ಅವರಿಗೆ ಸಿಟ್ಟು ಬಂದಿದೆ, ಪಾರ್ಟಿ ಕೊಟ್ಟ ಅಡ್ವಾನ್ಸ್ ತಗೊಂಡಾಗಿದೆಯೋ ಏನೋ ಸರಿಯಾಗಿ ಹೇಳ್ತಿಲ್ಲ. ಅಮ್ಮ ಮೊನ್ನೆ ವಾಪಸ್ ಹೋದ್ರು. ಹೋದ ದಿನಾನೇ ಬಚ್ಚಲ ಒಲೆಗೆ ಬೆಂಕಿ ಹಾಕ್ಸಿದ್ದಾರಂತೆ, ಗೀಸರ್ ಸ್ವಿಚ್ ಆಫ್ ಮಾಡಿ.

ಇಂತಿ ನಿಮ್ಮ ಓದುಗಳು,
ಹೊಸನಗರ ತಾಲೂಕು, ಸದ್ಯ ಡರ್ಬಿ, ಇಂಗ್ಲೆಂಡ್